ಚೀಟಿಯಲ್ಲಿದ್ದ ‘ನಾನ್’

ತಿರುಚೆಂಗೋಡು
೯ ಅಕ್ಟೋಬರ್ ೨೦೦೫

ಪ್ರೀತಿಯ ಪೂಂಗೊದೈ, ಕಣ್ಣು,

ನಿನ್ನ ಮಾಮ ಚೆನ್ನಿಯಪ್ಪನ್ ಮಾಡುವ ಆಶೀರ್ವಾದ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ, ಬರೆದಿದ್ದೇನೆ. ಮೊಣಕಾಲು ಮಾತ್ರ ಕ್ಷೇಮವಿಲ್ಲ. ನಿನ್ನ ಅತ್ತೆ ಪಾವಾಯಿ ಹೋಗಿ ಈ ಪುರಟ್ಟಾಸಿ ತಿಂಗಳಿಗೆ ಮೂರು ವರ್ಷ. ಸಾರು ಮಾಡಲು ಕಲಿತಿದ್ದೇನೆ. ಉಪ್ಪು ಹೆಚ್ಚಾದರೆ ನನ್ನನ್ನು ನಾನೇ ಬೈದುಕೊಳ್ಳಬೇಕು, ಅದೇ ಕಷ್ಟ. ಇರಲಿ, ವಿಷಯಕ್ಕೆ ಬರುತ್ತೇನೆ.

ನಿನ್ನನ್ನು ನೋಡಲು ಬಂದಿದ್ದ ಆ ಲಾರಿ ಡ್ರೈವರ್ ಸೆಂಗೋಡನ್ ಸಂಬಂಧ ಬೇಡ ಎಂದು ಹೇಳಿಬಿಟ್ಟೆ. ತಾಯಿಯ ಅಣ್ಣನಾಗಿ ಆ ಹಕ್ಕು ನನಗಿದೆ. ನಿಮ್ಮ ಮಿಲ್ ಹಾಸ್ಟೆಲಿನ ವಾರ್ಡನಮ್ಮ ಎಲ್ಲರ ಕಾಗದವನ್ನೂ ಒಡೆದು ಓದುತ್ತಾಳೆಂದು ನೀನೇ ಹೇಳಿದ್ದೆ, ಆದ್ದರಿಂದ ಕಾಯಿಲೆಯ ಹೆಸರು ಬರೆಯುವುದಿಲ್ಲ. ಲಾರಿಗಳ ಊರಿನಲ್ಲಿ ಹುಟ್ಟಿದವಳಿಗೆ ಹೆಸರು ಬೇಕಾಗಿಯೂ ಇಲ್ಲ. ಯಾವ ಮನೆಯಲ್ಲಿ ಯಾರು ಅದರಿಂದ ಹೋದರು, ಯಾರನ್ನು ಕಾಮಾಲೆ ಎಂದು ಹೇಳಿ ಸುಟ್ಟುಬಂದರು, ಎಲ್ಲ ನಿನಗೆ ಗೊತ್ತು. ಅದಕ್ಕೇ ಅಲ್ಲವೇ ಈಗ ನಮ್ಮಲ್ಲಿ ಜಾತಕದ ಹಿಂದೆಯೇ ರಕ್ತದ ಚೀಟಿಯೂ ಬರುವುದು?

ಮೊನ್ನೆ ಗುರುವಾರ ದಲ್ಲಾಳಿ ಟೀ ಅಂಗಡಿಗೇ ಬಂದು ಲಕೋಟೆ ಕೊಟ್ಟ. ಹುಡುಗ ಲೋಡು ಹಾಕಿಕೊಂಡು ಇಂದೋರಿಗೆ ಹೋಗಿದ್ದಾನೆ, ಹೋಗುವ ಮುಂಚೆ ತಾನಾಗಿಯೇ ರಕ್ತ ಕೊಟ್ಟು ಹೋಗಿದ್ದಾನೆ ಎಂದ. ಕೇಳದೆಯೇ ಕೊಟ್ಟನಂತೆ! ನನಗೆ ಅಲ್ಲೇ ಅನುಮಾನ ಬಂತು. ಚೀಟಿ ಪೂರ್ತಿ ಇಂಗ್ಲಿಷು. ನಮ್ಮ ವಂಶದಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಲಾರಿ ಬುಕಿಂಗ್ ಆಫೀಸಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಾಗದಗಳ ನಡುವೆಯೇ ಕೂತವನು. ಕನ್ನಡಕ ಹಾಕಿ ಎರಡು ಸಲ ಓದಿದೆ. ಅವನಿಗೆ ಆ ಕಾಯಿಲೆ ಒಂದಲ್ಲ, ಎರಡಿದೆ. ಒಂದನೆಯದು, ಎರಡನೆಯದು ಎಂದು ಅಚ್ಚು ಹಾಕಿಯೇ ಕೊಟ್ಟಿದ್ದಾರೆ.

ನಿನ್ನ ಅಮ್ಮನನ್ನು ಬಿಟ್ಟು ಬೇರೆ ಯಾರಿಗೂ ಹೇಳಿಲ್ಲ. ನೀನೂ ಮರೆತುಬಿಡು. ಚಳಿಗೆ ಸ್ವೆಟರ್ ಇದೆಯೇ?

ನಿನ್ನ ಮಾಮ,
ಚೆನ್ನಿಯಪ್ಪನ್, ಬಿ.ಎ.


ಮಿಲ್ ಹಾಸ್ಟೆಲ್, ವೇಡಸಂದೂರು
೧೬ ಅಕ್ಟೋಬರ್ ೨೦೦೫

ಮಾಮನಿಗೆ ನಮಸ್ಕಾರ.

ಹತ್ತಿಯ ಧೂಳಿನ ನಡುವೆ ಚಳಿ ಯಾರಿಗಿದೆ ಮಾಮ. ಸ್ವೆಟರ್ ಬೇಡ.

ನನಗೆ ನಂಬಿಕೆ ಬರುತ್ತಿಲ್ಲ. ನೋಡಲು ಬಂದ ದಿನ ನೀವೆಲ್ಲ ಬೋಂಡಾ ತಿನ್ನುತ್ತಾ ಕೂತಿದ್ದಾಗ ಹಿತ್ತಿಲಿನಲ್ಲಿ ಅವರು ನನ್ನ ಹತ್ತಿರ ಮೊದಲು ಆಡಿದ ಮಾತೇ ಅದು. “ನಮ್ಮಣ್ಣ ಹೋಗಿದ್ದು ಕಾಮಾಲೆಯಿಂದಲ್ಲ. ನಮ್ಮತ್ತಿಗೆಗೂ ಇದೆ, ಮಾತ್ರೆ ತಗೊಂಡು ಚೆನ್ನಾಗಿದಾರೆ, ನಮ್ಮನೇಲೇ ಇರ್ತಾರೆ. ನಾನು ಆರು ತಿಂಗಳಿಗೊಂದ್ಸಲ ನೋಡಿಸ್ಕೋತೀನಿ. ಇಷ್ಟನ್ನೂ ಕೇಳಿ, ಒಪ್ಪಿಗೆ ಇದ್ರೆ ಮದುವೆ ಸೀರೆ ಬಣ್ಣ ಹೇಳಿ” ಎಂದರು. ಹೀಗೆ ಹೇಳುವವರು ಮುಚ್ಚಿಡುತ್ತಾರೆಯೇ? ನಾನು ಸೀರೆಯ ಬಣ್ಣ ಹೇಳಿಯೇ ಒಳಗೆ ಬಂದಿದ್ದೆ. ನೀವು ಬೇಡ ಎಂದ ಮಾತ್ರಕ್ಕೆ ಅದು ಅಳಿಸಿಹೋಗುವುದಿಲ್ಲ.

ಚೀಟಿಯಲ್ಲಿ ಇರುವ ಇಂಗ್ಲಿಷನ್ನು ಒಂದಕ್ಷರ ಬಿಡದೆ ಬರೆದು ಕಳಿಸಿ.

ಪೂಂಗೊದೈ


ತಿರುಚೆಂಗೋಡು
೨೪ ಅಕ್ಟೋಬರ್ ೨೦೦೫

ಕಣ್ಣು,

ನಿನ್ನ ಕಾಗದ ಓದಿ ಊಟ ಸೇರಲಿಲ್ಲ. ಬರೆದು ಕಳಿಸಬೇಕಂತೆ! ನಿನ್ನ ಮಾಮ ಓದಿದ್ದನ್ನು ಮತ್ತೆ ಯಾರಿಂದ ಓದಿಸುತ್ತೀ? ಹತ್ತನೆಯ ತರಗತಿಯಲ್ಲಿ ಇಂಗ್ಲಿಷಿಗೆ ನಿನಗೆ ಮೂವತ್ತೇಳು ಬಂದಿದ್ದು ಮರೆತೆಯಾ?

ಆದರೂ ಹೇಳುತ್ತೇನೆ. ಚೀಟಿಯಲ್ಲಿ ‘ನಾನ್ ರಿಯಾಕ್ಟಿವ್’ ಎಂದಿತ್ತು. ನಾನು ಜೋರಾಗಿ ಓದಿದೆ. ನಿನ್ನ ಅಮ್ಮ ಅರುಕ್ಕಾಣಿ ಎದೆ ಬಡಿದುಕೊಂಡಳು.

“ಅಯ್ಯೋ, ನಾನ್ ಅಂತ ಅವನೇ ಬರ್ದು ಒಪ್ಕೊಂಡಿದಾನಾ?”

“ಲೇ, ಅದು ‘ನಾನು’ ಅನ್ನೋ ನಮ್ಮ ನಾನ್ ಅಲ್ಲ. ಇಂಗ್ಲಿಷ್ ನಾನ್. ಅಂದ್ರೆ ಇಲ್ಲ ಅಂತ.”

“ಇಲ್ಲ ಅಂದ್ರೆ ಒಳ್ಳೇದಲ್ವಾ ಅಣ್ಣಾ?”

“ಏನು ಇಲ್ಲ ಅನ್ನೋದನ್ನ ನೋಡ್ಬೇಕು. ರಿಯಾಕ್ಷನ್ನೇ ಇಲ್ಲ!”

ನಿನಗೂ ಬಿಡಿಸಿ ಹೇಳುತ್ತೇನೆ, ಕೇಳು. ಕಾಲೇಜಿನಲ್ಲಿ ನಮಗೆ ಒಂದು ಪಾಠವಿತ್ತು: ಎವ್ವೆರಿ ಆಕ್ಷನ್ ಹ್ಯಾಸ್ ಈಕ್ವಲ್ ಅಂಡ್ ಆಪೊಸಿಟ್ ರಿಯಾಕ್ಷನ್. ಜೀವ ಇರುವುದೆಲ್ಲ ತಿರುಗಿ ಒದೆಯಬೇಕು. ಔಷಧಿ ಬಿಟ್ಟು ನೋಡಿದರೂ ಅವನ ರಕ್ತ ಮಿಸುಕಲಿಲ್ಲ. ಸತ್ತ ರಕ್ತ ಅದು, ಕಣ್ಣು. ಅದರ ಎದುರಿಗೆ ಒಂದು, ಎರಡು ಎಂದು ಅಂಕಿ. ಇನ್ನೇನು ಬೇಕು?

ಅದೂ ಸಾಲದೆಂದರೆ, ಶಂಕಗಿರಿ ರಸ್ತೆಯಲ್ಲಿ ಲಾರಿ ನಿಲ್ಲುವ ಜಾಗಕ್ಕೆ ಹೋಗಿ ನಾನೇ ಕಣ್ಣಾರೆ ನೋಡಿ ಬಂದೆ. ಇಂದೋರಿನಿಂದ ಬಂದವನು ಮನೆಗೆ ಹೋಗುವುದು ಬಿಟ್ಟು, ಡ್ರೈವರುಗಳನ್ನು ಸುತ್ತ ಕೂರಿಸಿಕೊಂಡು ಆ ನಿರೋಧ್ ಪೊಟ್ಟಣಗಳನ್ನು ಕಡಲೆ ಬೀಜದ ಹಾಗೆ ಹಂಚುತ್ತಿದ್ದ. ನನ್ನನ್ನು ನೋಡಿ ನಾಚಿಕೆ ಬೇಡವೇ? “ವಣಕ್ಕಂ ಮಾಮ, ಟೀ ಕುಡೀರಿ” ಎಂದ. ಮಳೆಯೇ ಇಲ್ಲದಿದ್ದರೆ ಯಾರಾದರೂ ಕೊಡೆ ಹಂಚುತ್ತಾ ತಿರುಗುತ್ತಾರೆಯೇ?

ಈಗ ಅವನ ಮಾಲೀಕರು ಲಾರಿ ಕೀಲಿಕೈ ಇಸಿದುಕೊಂಡಿದ್ದಾರಂತೆ. ಅವನ ಅತ್ತಿಗೆ ವಳರ್ಮತಿ ಬೀದಿಗೆಲ್ಲ ಇಡ್ಲಿ ಹಿಟ್ಟು ರುಬ್ಬಿ ಕೊಡುತ್ತಿದ್ದಳು, ಅದೂ ನಿಂತಿದೆಯಂತೆ. ಅವಳಿಂದಲೇ ಮೈದುನನಿಗೆ ಬಂತು ಎಂದು ಏನೇನೋ ಆಡಿಕೊಳ್ಳುತ್ತಾರೆ. ಊರ ಬಾಯಿಗೆ ನಾನೇನು ಮುಚ್ಚಳ ಹಾಕಲಿ? ನಾನು ನಿನ್ನ ಅಮ್ಮನಿಗೆ ಮಾತ್ರ ಹೇಳಿದ್ದು.

ಬೋರ್‌ವೆಲ್ ಲಾರಿಗಳ ಮಾಲೀಕರ ಮನೆಯಿಂದ ಹೊಸ ಸಂಬಂಧ ಬಂದಿದೆ. ಅವರು ಚೀಟಿ ಗೀಟಿ ಕೊಡುವವರಲ್ಲ, ಮರ್ಯಾದಸ್ಥರು.

ಮಾಮ


ವೇಡಸಂದೂರು
೮ ನವೆಂಬರ್ ೨೦೦೫

ಮಾಮ,

ಭಾನುವಾರ ಹೊರಗೆ ಬಿಟ್ಟಾಗ ದಿಂಡಿಗಲ್ಲಿಗೆ ಹೋಗಿ ನಾನೂ ರಕ್ತ ಕೊಟ್ಟೆ. ಹುಡುಗಿಯದು ಯಾರೂ ಕೇಳುವುದಿಲ್ಲವಲ್ಲ, ನಾನೇ ಕೊಟ್ಟೆ. ಚೀಟಿ ಇದರ ಜೊತೆಗಿದೆ. ನೀವು ತಿಳಿದವರು, ಓದಿ ಏನೆಂದು ಬರೆಯಿರಿ.

ಪೂಂಗೊದೈ


ತಿರುಚೆಂಗೋಡು
೧೪ ನವೆಂಬರ್ ೨೦೦೫

ನನ್ನ ಮಗಳೇ,

ನಿನ್ನ ಚೀಟಿಯನ್ನು ನಾಲ್ಕು ಸಲ ಓದಿದೆ. ಕನ್ನಡಕ ಒರೆಸಿ ಮತ್ತೆ ಓದಿದೆ. ಅವೇ ಮಾತುಗಳು. ಒಂದು, ಎರಡು, ನಾನ್ ರಿಯಾಕ್ಟಿವ್.

ಇನ್ನು ಯಾರ ಮುಂದೆ ಮುಚ್ಚಿಡಲಿ? ನಿನಗೆ ಏಡ್ಸ್ ಬಂದಿದೆ ಕಣ್ಣು. ಆ ಪಾಪಿ ನಿನ್ನನ್ನು ಯಾವಾಗ ಮುಟ್ಟಿದ? ಹಿತ್ತಿಲಿನಲ್ಲಿ ನಿಂತಿದ್ದು ಐದು ನಿಮಿಷವಲ್ಲವೇ? ಅಥವಾ ಆಮೇಲೆ ಮಿಲ್ಲಿನ ಹತ್ತಿರಕ್ಕೂ ಬರುತ್ತಿದ್ದನೇ? ನಿಜ ಹೇಳು, ನಾನು ಹೊಡೆಯುವುದಿಲ್ಲ. ನಿನ್ನ ಅಮ್ಮನಿಗೆ ಇನ್ನೂ ಹೇಳಿಲ್ಲ, ಹೇಗೆ ಹೇಳಲಿ? ಪಾವಾಯಿ ಇದ್ದಿದ್ದರೆ ಅವಳು ಹೇಳುತ್ತಿದ್ದಳು.

ಕೋಣೆಯ ಹುಡುಗಿಯರ ಲೋಟ, ಬಾಚಣಿಗೆ ಮುಟ್ಟಬೇಡ, ಅವರಾದರೂ ಚೆನ್ನಾಗಿರಲಿ. ಊರಲ್ಲಿ ಇರಲು ಕಷ್ಟವಾದರೆ ನನ್ನ ಮನೆಯ ಹಿಂದಿನ ಕೋಣೆ ಖಾಲಿ ಇದೆ. ಬೇರೆ ಪಾತ್ರೆ ತಂದಿಡುತ್ತೇನೆ. ನನ್ನ ಕಾಲ ಇರುವವರೆಗೆ ನೋಡಿಕೊಳ್ಳುತ್ತೇನೆ.

ಮಾಮ


ವೇಡಸಂದೂರು
೨೨ ನವೆಂಬರ್ ೨೦೦೫

ಮಾಮ,

ನಿಮ್ಮ ಕಾಗದ ನನ್ನ ಕೈಗೆ ಬರುವ ಮೊದಲು ವಾರ್ಡನಮ್ಮನ ಕೈಗೆ ಹೋಯಿತು. ಎಂದಿನಂತೆ ಓದಿದರು. ನಾನು ಬೆಳಗಿನ ಶಿಫ್ಟ್ ಮುಗಿಸಿ ಬರುವಷ್ಟರಲ್ಲಿ ನನ್ನ ಚಾಪೆ, ಪೆಟ್ಟಿಗೆ, ಬಕೆಟ್ಟು ಮೂರೂ ವರಾಂಡದಲ್ಲಿದ್ದವು.

“ಏನೇ, ಇಷ್ಟು ದಿನ ನಮ್ಮ ಜೊತೆ ಒಂದೇ ತಟ್ಟೇಲಿ ತಿಂದ್ಯಲ್ಲೇ! ಹೇಳಕ್ಕೆ ಬಾಯಿರ್ಲಿಲ್ವಾ?” ಎಂದು ಕೇಳಿದವಳು ಯಾರು ಗೊತ್ತೇ? ಜ್ವರ ಬಂದಾಗ ನಾನೇ ಯಾರ ವಾಂತಿ ಬಳಿದಿದ್ದೆನೋ ಅವಳು.

“ನನ್ನ ಚೀಟಿ ನಮ್ಮ ಮಾಮನ ಹತ್ರ ಇದೆ, ಅದರಲ್ಲಿ ಇಲ್ಲ ಅಂತ ಇದೆ” ಎಂದು ಕೂಗಿದೆ. “ನಿಮ್ಮ ಮಾಮನೇ ಬರ್ದಿರೋದು ನೋಡು” ಎಂದು ವಾರ್ಡನಮ್ಮ ನಿಮ್ಮ ಕಾಗದವನ್ನೇ ಮುಖಕ್ಕೆ ಹಿಡಿದರು. ಮೂರು ದಿನ ಹತ್ತಿ ಚೀಲಗಳ ಕೋಣೆಯಲ್ಲಿ ಮಲಗಿದೆ. ನಾಲ್ಕನೆಯ ದಿನ ಮಿಲ್ಲಿನ ಡಾಕ್ಟರು ಬಂದು ಮತ್ತೆ ರಕ್ತ ತೆಗೆಸಿ ನೋಡಿ, ವಾರ್ಡನಮ್ಮನ ಮುಂದೆಯೇ ತಲೆ ಚಚ್ಚಿಕೊಂಡರು. ಚಾಪೆ ಒಳಗೆ ಬಂತು. ಆದರೆ ನನ್ನ ಪಕ್ಕದ ಜಾಗ ಇನ್ನೂ ಖಾಲಿಯೇ ಇದೆ.

ಡಾಕ್ಟರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ, ಓದಿಕೊಳ್ಳಿ. ರಿಯಾಕ್ಟಿವ್ ಎಂದರೆ ರೋಗದ ಗುರುತು ಸಿಕ್ಕಿದೆ ಎಂದು. ನಾನ್ ರಿಯಾಕ್ಟಿವ್ ಎಂದರೆ ಸಿಕ್ಕಿಲ್ಲ ಎಂದು. ಒಂದು, ಎರಡು ಎಂದರೆ ಆ ರೋಗಾಣುವಿನಲ್ಲಿ ಎರಡು ಬಗೆ, ಎರಡನ್ನೂ ಹುಡುಕಿದ್ದಾರೆ, ಎರಡೂ ಇಲ್ಲ. ಅಷ್ಟೇ ಮಾಮ. ಅಮ್ಮ ಕೇಳಿದಳಲ್ಲ, ಇಲ್ಲ ಅಂದ್ರೆ ಒಳ್ಳೇದಲ್ವಾ ಎಂದು? ಶಾಲೆಯ ಮುಖವನ್ನೇ ನೋಡದವಳು ಸರಿಯಾಗಿ ಓದಿದ್ದಳು. ಇನ್ನು ಲೋಟ, ಬಾಚಣಿಗೆಯಿಂದ ಅದು ಬರುವುದೇ ಇಲ್ಲ.

ನಾನೂ ತಪ್ಪು ಮಾಡಿದೆ. ನನಗೆ ಏನೂ ಇಲ್ಲವೆಂದು ದಿಂಡಿಗಲ್ಲಿನಲ್ಲೇ ಹೇಳಿದ್ದರು, ಆದರೂ ನಿಮಗೆ ಬರೆಯಲಿಲ್ಲ. ಚೀಟಿ ನೋಡಿದ ಕೂಡಲೇ ನಿಮಗೆ ನಾಚಿಕೆಯಾಗಿ ತಿಳಿಯುತ್ತದೆ ಎಂದುಕೊಂಡೆ. ನನ್ನ ಪೂಂಗೊದೈಗೆ ಬರಲು ಸಾಧ್ಯವಿಲ್ಲ, ಹಾಗಾದರೆ ನಾನು ಓದಿದ್ದೇ ತಪ್ಪು ಎಂದು ನಿಮಗೆ ಅನಿಸಲೇ ಇಲ್ಲವಲ್ಲ ಮಾಮ. ನನ್ನ ಮೇಲಿನ ನಂಬಿಕೆ ಕಳೆದುಕೊಳ್ಳುವುದು ನಿಮ್ಮ ಇಂಗ್ಲಿಷಿನ ಮೇಲಿನ ನಂಬಿಕೆ ಕಳೆದುಕೊಳ್ಳುವುದಕ್ಕಿಂತ ಸುಲಭವಾಯಿತು.

ಸೆಂಗೋಡನ್ ಮಿಲ್ಲಿನ ಗೇಟಿಗೆ ಬಂದಿದ್ದರು. ಮಾತಾಡಲು ಐದು ನಿಮಿಷ ಬಿಟ್ಟರು. “ಕೋಪ ಇಲ್ಲ ಅಂತ ಸುಳ್ಳು ಹೇಳಲ್ಲ. ಆದ್ರೆ ನಿಮ್ಮ ಮಾಮ ನನ್ಹತ್ರ ಏನೂ ಹೇಳೋದು ಬೇಡ. ನಮ್ಮತ್ತಿಗೆ ಹತ್ರ ಹೇಳ್ಲಿ. ಆಮೇಲೆ ಮದುವೆ ಮಾತು” ಎಂದರು.

ನೀವು ಹೇಳಿದ್ದನ್ನು ನೀವೇ ಹೋಗಿ ತಿರುಗಿ ತಗೊಳ್ಳಿ.

ಪೂಂಗೊದೈ


ತಿರುಚೆಂಗೋಡು
೫ ಡಿಸೆಂಬರ್ ೨೦೦೫

ಕಣ್ಣು,

ಹತ್ತು ದಿನ ಏನೂ ಬರೆಯಲಾಗಲಿಲ್ಲ. ಮೊದಲು ಆ ಚೀಟಿ ಕೊಟ್ಟ ಲ್ಯಾಬಿಗೇ ಹೋದೆ. ಕೌಂಟರಿನ ಹುಡುಗಿಗೆ ನಿನ್ನಷ್ಟೇ ವಯಸ್ಸು. “ತಾತಾ, ಕೆಟ್ಟದ್ದು ಬಂದ್ರೆ ನಾವು ಹಿಂಗೆ ದಲ್ಲಾಳಿ ಕೈಲಿ ಕೊಡ್ತೀವಾ? ಕೂರ್ಸಿ ಮಾತಾಡ್ತೀವಿ” ಎಂದಳು.

ಮರುದಿನವೇ ಬೋರ್‌ವೆಲ್ ಮಾಲೀಕರು ತಾಂಬೂಲದ ಮಾತಿಗೆ ಬಂದಿದ್ದರು. ನಾನು ನೇರವಾಗಿ, “ನಿಮ್ಮ ಹುಡುಗನ ರಕ್ತದ ಚೀಟಿ ಎಲ್ಲಿ?” ಎಂದೆ.

“ನಾವೇನು ಲಾರಿ ಡ್ರೈವರಾ?”

“ನಿಮ್ಮ ಬೋರ್ ಲಾರಿ ವರ್ಷಕ್ಕೆ ಹತ್ತು ತಿಂಗ್ಳು ಛತ್ತೀಸ್‌ಗಢದಲ್ಲಿ ನಿಂತಿರ್ತದಲ್ಲ, ಅದರ ಜೊತೆ ಇರೋದು ಯಾರು, ಮುರುಗನ್ ದೇವರಾ?”

ಅವರು ಎದ್ದರು. ಎದ್ದವರನ್ನು ಬಾಗಿಲಲ್ಲೇ ನಿಲ್ಲಿಸಿ, ಎಲ್ಲರ ಮುಂದೆ ಹೇಳಿದೆ: ಸೆಂಗೋಡನಿಗೆ ಏನೂ ಇಲ್ಲ, ನಾನು ತಪ್ಪು ಓದಿದೆ. ಯಾರೂ ನಂಬಲಿಲ್ಲ ಕಣ್ಣು! “ಬಿ.ಎ. ಓದಿದೋರು ತಪ್ಪು ಓದ್ತಾರಾ ಮಾಮ? ಹುಡುಗಿ ಹಟ ಮಾಡಿದ್ಳು ಅಂತ ಮಾತು ತಿರುಗಿಸ್ತಿದೀರಿ” ಎಂದು ನಿನ್ನ ಚಿಕ್ಕಪ್ಪನೇ ನಕ್ಕ. ಅಕ್ಟೋಬರಿನಲ್ಲಿ ಒಂದೇ ಸಲ ಹೇಳಿದ್ದಕ್ಕೆ ಊರೆಲ್ಲ ನಂಬಿತು. ಈಗ ಹದಿನೈದು ಸಲ ಹೇಳಿದರೂ ಒಬ್ಬನೂ ನಂಬುತ್ತಿಲ್ಲ. ಟೀ ಅಂಗಡಿ, ಸಲೂನು, ಬುಕಿಂಗ್ ಆಫೀಸು ಎಲ್ಲ ಕಡೆ ಹೇಳಿ ಗಂಟಲು ಕಟ್ಟಿತು.

ಕೊನೆಗೆ ಬೇರೆ ದಾರಿಯಿಲ್ಲದೆ ಅದನ್ನೂ ಹೇಳಿಬಿಟ್ಟೆ. ನಾನು ಬಿ.ಎ. ಅಲ್ಲ. ಸೇಲಂ ಕಾಲೇಜಿನಲ್ಲಿ ಎರಡನೆಯ ವರ್ಷ ಇಂಗ್ಲಿಷ್ ಪೇಪರಿನಲ್ಲೇ ಮೂರು ಸಲ ಫೇಲಾದವನು. ಇದು ನಿನ್ನ ಅತ್ತೆಗೆ ಮಾತ್ರ ಗೊತ್ತಿತ್ತು. ಇದನ್ನು ಮಾತ್ರ ಊರು ತಕ್ಷಣ ನಂಬಿತು! ಈಗ ಸಲೂನಿನಲ್ಲಿ ನನ್ನನ್ನು ನೋಡಿದರೆ “ಬನ್ನಿ ಫೇಲ್ ಮಾಮ” ಎನ್ನುತ್ತಾರೆ. ಇರಲಿ. ಸೆಂಗೋಡನಿಗೆ ಲಾರಿ ಕೀಲಿಕೈ ವಾಪಸು ಸಿಕ್ಕಿದೆ.

ನಿನ್ನ ಅಮ್ಮನೂ ಅರ್ಧ ಒಪ್ಪಿದ್ದಾಳೆ. ಒಂದೇ ಷರತ್ತು. ಆ ವಳರ್ಮತಿ ಮನೆ ಬಿಟ್ಟು ಬೇರೆ ಇರಬೇಕಂತೆ. “ಹುಡುಗನಿಗಿಲ್ಲ, ಸರಿ. ಅವಳಿಗಿದೆಯಲ್ಲ? ನನ್ನ ಮಗಳು ಅವಳು ಮುಟ್ಟಿದ ಪಾತ್ರೇಲಿ ಉಣ್ಬೇಕಾ?” ಎನ್ನುತ್ತಾಳೆ. ನಿನ್ನ ಡಾಕ್ಟರು ಹೇಳಿದ್ದನ್ನು ಓದಿ ಹೇಳಿದೆ. “ನೀನು ಓದಿ ಹೇಳಿದ್ದು ಸಾಕಣ್ಣಾ” ಎಂದಳು. ಏನು ಮಾಡಲಿ? ಹೇಗೂ ಕ್ಷಮೆ ಕೇಳಲು ಹೋಗುತ್ತೇನಲ್ಲ, ಈ ಮಾತನ್ನೂ ಮೆಲ್ಲಗೆ ಹಾಕಿ ಬರುತ್ತೇನೆ. ಮದುವೆ ಆದರೆ ಸಾಕು.

ಚೆನ್ನಿಯಪ್ಪನ್


ತಿರುಚೆಂಗೋಡು
೧೯ ಡಿಸೆಂಬರ್ ೨೦೦೫

ಕಣ್ಣು,

ನೀನು ಕಾಗದ ಬರೆಯುವುದನ್ನೇ ಬಿಟ್ಟಿದ್ದೀಯ. ಷರತ್ತಿನ ಮಾತು ಓದಿ ಕೋಪ ಬಂದಿರಬೇಕು. ಆದರೂ ಬರೆಯುತ್ತೇನೆ.

ಶನಿವಾರ ಹೋದೆ. ವಳರ್ಮತಿ ಒಬ್ಬಳೇ ಇದ್ದಳು. ಇಪ್ಪತ್ತೊಂಬತ್ತು ವರ್ಷವಂತೆ, ನಾನು ಯಾರೋ ಒಣಗಿದ ಮುದುಕಿ ಎಂದುಕೊಂಡಿದ್ದೆ. ಜಗಲಿಯಲ್ಲಿ ಗ್ರೈಂಡರಿನ ಕಲ್ಲು ಒಣಗಿ ಬಿಳಿಚಿಕೊಂಡಿತ್ತು. ಅದರ ಮೇಲೆ ಬಟ್ಟೆ ಹರವಿ ಮೆಣಸಿನಕಾಯಿ ಒಣಹಾಕಿದ್ದಳು. ಕೂರಿ ಎಂದಳು. ಕೂತೆ. ಕಟ್ಟಿಕೊಂಡು ಹೋಗಿದ್ದ ಮಾತೆಲ್ಲ ಒಂದೇ ಉಸಿರಿಗೆ ಹೇಳಿದೆ. ನಾನು ತಪ್ಪು ಓದಿದೆ, ನಿನ್ನ ಮೈದುನನಿಗೆ ಏನೂ ಇಲ್ಲ, ಅದರಿಂದ ನಿನಗೂ ಕೆಟ್ಟ ಹೆಸರು ಬಂತು, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಮ್ಮ ಎಂದೆ.

ಅವಳು ಮೆಣಸಿನಕಾಯಿ ತಿರುವಿ ಹಾಕುತ್ತಲೇ ಕೇಳಿದಳು. “ಅಯ್ಯಾ, ನೀವು ತಪ್ಪು ಓದಿದ್ರಿ ಅಂತ ಬಂದಿದೀರಿ. ಸರಿಯಾಗೇ ಓದಿದ್ರೆ ಬರ್ತಿರ್ಲಿಲ್ಲ, ಅಲ್ವಾ?”

ನನಗೆ ಅರ್ಥವಾಗಲಿಲ್ಲ.

“ಅವನಿಗೆ ನಿಜವಾಗ್ಲೂ ಇದ್ದಿದ್ರೆ? ಲಾರಿ ಕಿತ್ಕೊಂಡಿದ್ದು ಸರಿ, ನನ್ನ ಹಿಟ್ಟು ಬೇಡ ಅಂದಿದ್ದು ಸರಿ, ಮೈದುನನ ಜೊತೆ ಮಲಗಿದ್ಳು ಅಂದಿದ್ದೂ ಸರಿ. ಯಾರೂ ಕ್ಷಮೆ ಕೇಳ್ತಿರ್ಲಿಲ್ಲ.” ಒಳಗೆ ಹೋಗಿ ಪ್ಲಾಸ್ಟಿಕ್ ಚೀಲದಲ್ಲಿ ಮಡಿಸಿಟ್ಟಿದ್ದ ಚೀಟಿಯೊಂದನ್ನು ತಂದು ನನ್ನ ತೊಡೆಯ ಮೇಲಿಟ್ಟಳು. “ಓದಿ. ಇದರಲ್ಲಿ ಆ ನಾನ್ ಇಲ್ಲ, ಬರೀ ರಿಯಾಕ್ಟಿವ್. ಆರು ವರ್ಷ ಆಯ್ತು. ನನ್ನ ಗಂಡ ಕೊಟ್ಟಿದ್ದು. ನಾನು ಮಾಡಿದ್ದು ಅವನನ್ನ ಮದುವೆ ಆಗಿದ್ದು ಒಂದೇ. ಇದನ್ನ ಸರಿಯಾಗಿ ಓದ್ಬಿಟ್ಟು ಏನು ಹೇಳ್ತೀರಿ, ಹೇಳಿ ಅಯ್ಯಾ.”

ಮೂವತ್ತು ವರ್ಷ ಬುಕಿಂಗ್ ಆಫೀಸಿನಲ್ಲಿ ಬಾಯಿ ಮಾರಿ ಬದುಕಿದವನು ಆ ಚೀಟಿಯನ್ನು ಮಡಿಸಿ ಅದೇ ಚೀಲಕ್ಕೆ ಹಾಕಿ ಅವಳ ಕೈಗೆ ಕೊಟ್ಟೆ. ನಿನ್ನ ಅಮ್ಮನ ಷರತ್ತು ನಾಲಗೆಯ ತುದಿಯವರೆಗೂ ಬಂದಿತ್ತು. ನುಂಗಿಕೊಂಡೆ. ಕೊನೆಗೆ ಅವಳೇ, “ಬಿಸಿಲು ಬಂತು, ಆ ಕಡೆ ಸರಿದು ಕೂರಿ” ಎಂದಳು.

ಅಲ್ಲಿಂದ ನೇರವಾಗಿ ಅರುಕ್ಕಾಣಿಯ ಮನೆಗೆ ಹೋದೆ. ನಿನ್ನ ಷರತ್ತನ್ನು ನಾನು ಹೇಳಲಿಲ್ಲ, ಹೇಳುವುದೂ ಇಲ್ಲ ಎಂದೆ. “ನೀನೇ ಹೋಗಿ ಆ ಹೆಣ್ಮಗಳ ಮುಖ ನೋಡ್ಕೊಂಡು ಮನೆ ಬಿಡು ಅನ್ನು.” “ನಾನ್ಯಾಕೆ ಹೋಗ್ಲಿ, ಅದು ಗಂಡಸರು ಆಡೋ ಮಾತು” ಎಂದಳು. ಒಪ್ಪುವುದೂ ಇಲ್ಲ, ಹೋಗಿ ಹೇಳುವುದೂ ಇಲ್ಲ. ಅಲ್ಲಿಗೇ ನಿಂತಿದೆ ನಿನ್ನ ಮದುವೆ. ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯುತ್ತಿಲ್ಲ, ಗೋಡೆಯ ಮೇಲೆ ಮಾಡುತ್ತಿದ್ದೇನೆ.

ಚೆನ್ನಿಯಪ್ಪನ್


ವೇಡಸಂದೂರು
೨೭ ಡಿಸೆಂಬರ್ ೨೦೦೫

ಮಾಮ,

ಕೆಲಸ ಬಿಡುತ್ತೇನೆ ಎಂದು ಮಿಲ್ಲಿಗೆ ಬರೆದುಕೊಟ್ಟಾಯಿತು. ಜನವರಿ ಆರು, ಶುಕ್ರವಾರ, ಹತ್ತು ಗಂಟೆಯ ಬಸ್ಸಿಗೆ ಬರುತ್ತೇನೆ. ಅಮ್ಮನ ಮನೆಗಲ್ಲ. ನೇರವಾಗಿ ವಳರ್ಮತಿ ಅಕ್ಕನ ಮನೆಗೆ. ಅವರಿಗೂ ಬರೆದಿದ್ದೇನೆ. ಅವರು ಆ ಮನೆಯಲ್ಲೇ ಇರುತ್ತಾರೆ, ನಾನೂ ಇರುತ್ತೇನೆ. ಮೂರು ದಿನ ನಾನು ಹತ್ತಿ ಚೀಲದ ಮೇಲೆ ಮಲಗಿದ್ದೆ. ಅವರು ಆರು ವರ್ಷದಿಂದ ಅಂಥದ್ದರ ಮೇಲೇ ಮಲಗಿದ್ದಾರೆ. ಒಬ್ಬರನ್ನು ಹೊರಗೆ ಹಾಕಿ ಆ ಜಾಗದಲ್ಲಿ ನಾನು ಮಲಗಲಾರೆ.

ತೈ ತಿಂಗಳ ಕೊನೆಯಲ್ಲಿ ಮುಹೂರ್ತ. ಅಮ್ಮ ಬಾರದಿದ್ದರೂ ಮದುವೆ ನಡೆಯುತ್ತದೆ. ಆದರೆ ನಮ್ಮಲ್ಲಿ ತಾಯಿಯ ಅಣ್ಣ ಹಣೆಗೆ ಪಟ್ಟ ಕಟ್ಟದೆ ಹುಡುಗಿ ಮಣೆ ಏರುವ ಹಾಗಿಲ್ಲ. ನೀವೇನು ಮಾಡುತ್ತೀರಿ? ಉದ್ದ ಬರೆಯಬೇಡಿ ಮಾಮ. ಬರುತ್ತೀರೋ ಇಲ್ಲವೋ, ಅಷ್ಟೇ ಬರೆಯಿರಿ.

ಪೂಂಗೊದೈ


ತಿರುಚೆಂಗೋಡು
೨ ಜನವರಿ ೨೦೦೬

ಕಣ್ಣು,

ಬರುತ್ತೇನೆ. ಶುಕ್ರವಾರ ಬಸ್ ನಿಲ್ದಾಣದಲ್ಲಿ ಇರುತ್ತೇನೆ. ವಳರ್ಮತಿಯೂ ಬರುತ್ತಾಳಂತೆ.

ನಿನಗೆ ಪಟ್ಟ ಕಟ್ಟುವವನು ನಾನೇ, ವಳರ್ಮತಿಯೂ ಆ ಮನೆಯಲ್ಲೇ ಇರುತ್ತಾಳೆ ಎಂದು ನಿನ್ನ ಅಮ್ಮನಿಗೆ ಹೇಳಲು ಹೋದೆ, ಬಾಗಿಲು ಹಾಕಿಕೊಂಡಳು. ಹೊರಗೆ ನಿಂತು, ಬೀದಿಯವರೆಲ್ಲ ಕೇಳುವ ಹಾಗೆ, ಇನ್ನೊಂದು ಸಲ ಹೇಳಿದೆ.

ಮಾಮ